ಹಳೆ ಇಂಧನ ಡಿಪೋ: ಟ್ಯಾಂಕ್ ತೆಗೆದಾಯ್ತು, ಎಣ್ಣೆ ಕಾಣ್ತಿಲ್ಲ. ಮಾನಿಟರಿಂಗ್ ಬಾವಿ ಮುಚ್ಚೋಕೆ ಒಪ್ಪಬಹುದಾ?

ದಂಡೆಮನೆ:
ನಮ್ಮ ಬಡಾವಣೆಯ ಹಿಂದೆ ಪೆಟ್ರೋಲ್, ಡೀಸೆಲ್ ಶೇಖರಿಸುತ್ತಿದ್ದ ಹಳೆ ಡಿಪೋ ಇತ್ತು. ಅದನ್ನು ಮುಚ್ಚಿ ನೆಲದಡಿಯ ಟ್ಯಾಂಕುಗಳನ್ನು ಕಿತ್ತು ತೆಗೆದಿದ್ದಾರೆ. ಸುತ್ತಲಿನ ಕಪ್ಪು ಮಣ್ಣನ್ನೂ ಲಾರಿಗಳಲ್ಲಿ ಸಾಗಿಸಿದ್ದಾರೆ. ವರ್ಷಗಟ್ಟಲೆ ಸೋರಿಕೆ ಇತ್ತು ಅಂತ ಅವರೇ ಒಪ್ಪಿದ್ದಾರೆ. ಅಂತರ್ಜಲವನ್ನು ಆಗಾಗ ಅಳೆದು ಪರೀಕ್ಷಿಸಲು ಅಲ್ಲಿ ಐದು ಮಾನಿಟರಿಂಗ್ ಬಾವಿ ಕೊರೆದಿದ್ದಾರೆ. ಬೇಸಿಗೆಯ ವರದಿಯಲ್ಲಿ ಮೂರನೇ ಬಾವಿಯ ನೀರಿನ ಮೇಲೆ 60 ಸೆಂ.ಮೀ. ದಪ್ಪದ ಎಣ್ಣೆ ಇತ್ತು. ಮಳೆಗಾಲ ಮುಗಿದ ಮೇಲೆ ಅಳೆದಾಗ ಅದೇ ಬಾವಿಯಲ್ಲಿ ಎಣ್ಣೆಯೇ ಇಲ್ಲ. "ಶುದ್ಧೀಕರಣ ಯಶಸ್ವಿ, ಬಾವಿಗಳನ್ನು ಮುಚ್ಚುತ್ತೇವೆ" ಅಂತ ಈಗ ಪತ್ರ ಬಂದಿದೆ. ನಮ್ಮಲ್ಲಿ ಕೆಲವರಿಗೆ ಸಮಾಧಾನ ಆಗಿದೆ. ನನಗೆ ಆಗಿಲ್ಲ. ಹತ್ತಾರು ಮನೆಗಳು ಬೋರ್‌ವೆಲ್ ನೀರನ್ನೇ ನಂಬಿವೆ. ಈ ಕೆಲಸ ಗೊತ್ತಿರುವವರು ಹೇಳಿ, ಒಪ್ಪಬಹುದಾ?

ಕಲ್ಲುಮಣ್ಣು:
ಒಪ್ಪಬೇಡಿ. ಅಂತರ್ಜಲದ ಕೆಲಸದಲ್ಲಿ ಇರುವವನಾಗಿ ಹೇಳ್ತಿದ್ದೇನೆ. ಬೇಸಿಗೆಯಲ್ಲಿ ಕಂಡ ಎಣ್ಣೆ ಮಳೆಗಾಲದ ನಂತರ ಮಾಯವಾದರೆ ಅದಕ್ಕೆ ಶುದ್ಧೀಕರಣವೇ ಕಾರಣ ಆಗಬೇಕಿಲ್ಲ. ನೀರಿನ ಮಟ್ಟ ಏರಿದ್ದೇ ಸಾಕು.

ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ನೀರಿನ ಸಾಂದ್ರತೆ 1 ಅಂದರೆ ಪೆಟ್ರೋಲ್‌ದು ಸುಮಾರು 0.75, ಡೀಸೆಲ್‌ದು 0.84 ಆಸುಪಾಸು. ಸೋರಿದ ಎಣ್ಣೆ ಮಣ್ಣಿನಲ್ಲಿ ಇಳಿದು ಅಂತರ್ಜಲ ಮುಟ್ಟಿದಾಗ ಅಲ್ಲೇ ನಿಂತು ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಎಣ್ಣೆಯೂ ಅದರ ಜೊತೆ ಇಳಿಯುತ್ತದೆ, ದಾರಿಯ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಆ ಎಣ್ಣೆ ಪೂರ್ತಿ ಮೇಲೆ ತೇಲಿ ಬರುವುದಿಲ್ಲ. ಬಹುಪಾಲು ಮಣ್ಣಿನ ಕಣಗಳ ನಡುವೆ ಸಣ್ಣ ಹನಿಗಳಾಗಿ, ನೀರಿನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪಂಜನ್ನು ಎಣ್ಣೆಯಲ್ಲಿ ಅದ್ದಿ ನೀರಿನೊಳಗೆ ಮುಳುಗಿಸಿದ ಹಾಗೆ. ಹಾಗೆ ಸಿಕ್ಕಿಕೊಂಡ ಹನಿ ಬಾವಿಯೊಳಗೆ ಹರಿದು ಬರುವುದಿಲ್ಲ, ಆದ್ದರಿಂದ ಅಳತೆಗೂ ಸಿಗುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಒಂದು ಮಾತು ಸೇರಿಸಬೇಕು. ಜೇಡಿಮಣ್ಣಿನ ಪದರದ ಕೆಳಗೆ ನೀರು ಒತ್ತಡದಲ್ಲಿದ್ದರೆ ಇದು ಉಲ್ಟಾ ನಡೆಯುತ್ತದೆ. ನೀರಿನ ಮಟ್ಟ ಏರಿದಾಗಲೇ ಬಾವಿಯಲ್ಲಿ ಎಣ್ಣೆ ಜಾಸ್ತಿ ಕಾಣುತ್ತದೆ. ಎರಡರಲ್ಲಿ ನಿಮ್ಮದು ಯಾವುದು ಅಂತ ತಿಳಿಯಲು ಪ್ರತಿ ಸಲ ಅಳೆದ ನೀರಿನ ಮಟ್ಟ ಮತ್ತು ಎಣ್ಣೆಯ ದಪ್ಪ, ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ನೋಡಬೇಕು. ಆ ಅಂಕಿಗಳು ನಿಮ್ಮ ಹತ್ತಿರ ಇವೆಯಾ?

ಬೇಲಿಯಾಚೆ:
60 ಸೆಂ.ಮೀ. ದಪ್ಪ ಅಂದರೆ ಭಯಂಕರ ಅಲ್ವಾ? ಜಾಗದ ವಿಸ್ತೀರ್ಣಕ್ಕೆ ಗುಣಿಸಿದರೆ ಲಕ್ಷಾಂತರ ಲೀಟರ್ ಆಗುತ್ತದೆ.

ಕಲ್ಲುಮಣ್ಣು:
ಆ ಗುಣಾಕಾರ ಮಾಡಬಾರದು. ಬಾವಿ ಅಂದರೆ ಖಾಲಿ ಪೈಪು, ಅದರಲ್ಲಿ ಎಣ್ಣೆ ಒಂದೇ ಪದರವಾಗಿ ನಿಲ್ಲುತ್ತದೆ. ಹೊರಗೆ ಮಣ್ಣಿನಲ್ಲಿ ಜಾಗ ಇರುವುದೇ ಕಣಗಳ ನಡುವೆ, ಆ ಜಾಗವನ್ನೂ ಎಣ್ಣೆ, ನೀರು, ಗಾಳಿ ಮೂರೂ ಹಂಚಿಕೊಂಡಿರುತ್ತವೆ. ಮಣ್ಣಿನ ಕಣ ಸಣ್ಣದಾದಷ್ಟೂ ಎಣ್ಣೆಯ ಪಾಲು ಕಡಿಮೆ. ಹಾಗಾಗಿ ಬಾವಿಯ ದಪ್ಪದಿಂದ ಹೊರಗಿನ ಪ್ರಮಾಣ ನೇರವಾಗಿ ಗೊತ್ತಾಗುವುದಿಲ್ಲ. ಬಾವಿಯಿಂದ ಎಣ್ಣೆಯನ್ನು ಎತ್ತಿ ತೆಗೆದು, ಅದು ಎಷ್ಟು ಬೇಗ ಮತ್ತೆ ತುಂಬಿಕೊಳ್ಳುತ್ತದೆ ಅಂತ ಗಡಿಯಾರ ಇಟ್ಟು ನೋಡಬೇಕು. ಬೇಗ ತುಂಬಿದರೆ ಸುತ್ತ ಇನ್ನೂ ಹರಿಯುವ ಎಣ್ಣೆ ಇದೆ, ಪಂಪ್ ಹಾಕಿ ತೆಗೆಯಬಹುದು. ನಿಧಾನವಾಗಿ ಒಸರಿದರೆ ಪಂಪಿನಿಂದ ಸಿಗುವುದು ಅಷ್ಟಕ್ಕಷ್ಟೇ.

ಇನ್ನೊಂದು ಕಡೆಯೂ ಈ 60 ಸೆಂ.ಮೀ. ಲೆಕ್ಕ ತಪ್ಪಿಸುತ್ತದೆ. ಎಣ್ಣೆಯ ಭಾರಕ್ಕೆ ಬಾವಿಯ ನೀರು ಕೆಳಗೆ ಒತ್ತಿಕೊಂಡಿರುತ್ತದೆ. ಎಣ್ಣೆಯ ಮೇಲ್ಮೈ 5.0 ಮೀಟರ್ ಆಳದಲ್ಲಿ, ನೀರು 5.6 ಮೀಟರ್‌ನಲ್ಲಿ ಸಿಕ್ಕಿತು ಅಂದುಕೊಳ್ಳಿ. ಡೀಸೆಲ್ ಆದರೆ 0.6ನ್ನು 0.84ರಿಂದ ಗುಣಿಸಿ, ಅಂದರೆ ಸುಮಾರು 0.5 ಮೀಟರ್. ನಿಜವಾದ ನೀರಿನ ಮಟ್ಟ 5.1 ಮೀಟರ್‌ನಲ್ಲಿದೆ. ಈ ತಿದ್ದುಪಡಿ ಮಾಡದೆ ನಕ್ಷೆ ಬರೆದರೆ ಅಂತರ್ಜಲ ಹರಿಯುವ ದಿಕ್ಕೇ ತಪ್ಪಾಗಿ ಬರುತ್ತದೆ. ದಿಕ್ಕು ತಪ್ಪಿದರೆ ಕಾವಲು ಬಾವಿಯೂ, ಅಂದರೆ ಕಲುಷಿತ ನೀರು ಮನೆಗಳನ್ನು ಮುಟ್ಟುವ ಮೊದಲೇ ಪತ್ತೆ ಮಾಡುವ ಬಾವಿಯೂ, ತಪ್ಪು ಕಡೆ ಇರುತ್ತದೆ. ವರದಿಯ ನಕ್ಷೆಯಲ್ಲಿ ಮೊದಲು ಇದನ್ನೇ ನೋಡಿ.

ಪಿಪೆಟ್:
ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಎಲ್ಲರೂ ತೇಲುವ ಎಣ್ಣೆಯ ಬಗ್ಗೆ ಮಾತಾಡ್ತಿದ್ದೀರಿ. ಮನೆಗಳ ಬೋರ್‌ವೆಲ್‌ಗೆ ಬರುವುದು ಆ ಎಣ್ಣೆ ಅಲ್ಲ, ಅದರಿಂದ ನೀರಿಗೆ ಕರಗಿ ಹೋದದ್ದು. ಅದು ಕಣ್ಣಿಗೆ ಕಾಣಲ್ಲ. ಪೆಟ್ರೋಲ್‌ನಲ್ಲಿರುವ, ಕ್ಯಾನ್ಸರ್ ತರುವ ಬೆಂಜೀನ್‌ಗೆ ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದ ಮಿತಿ 5. ವಾಸನೆ, ರುಚಿ ಗೊತ್ತಾಗುವ ಮಟ್ಟ ಇದಕ್ಕಿಂತ ಎಷ್ಟೋ ಪಟ್ಟು ಮೇಲೆ. "ನಮ್ಮ ನೀರಿಗೆ ವಾಸನೆ ಇಲ್ಲ, ತೊಂದರೆ ಇಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ದಂಡೆಮನೆ, ವರದಿಯಲ್ಲಿ ಯಾವ ಯಾವ ಪರೀಕ್ಷೆ ಮಾಡಿಸಿದ್ದಾರೆ? ಡಿಪೋ ಎಷ್ಟು ಹಳೆಯದು?

ದಂಡೆಮನೆ:
ಬೆಂಜೀನ್, ಟಾಲ್ಯೂಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಮತ್ತು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಇಷ್ಟೇ ಇದೆ. ಡಿಪೋ ಸೀಸದ ಪೆಟ್ರೋಲ್ ಇದ್ದ ಕಾಲದ್ದು ಅಂತ ಹಿರಿಯರು ಹೇಳ್ತಾರೆ.

ಪಿಪೆಟ್:
ಹಾಗಾದರೆ ಪಟ್ಟಿ ಸಾಲದು. ಸೀಸ ಬೆರೆಸಿದ ಪೆಟ್ರೋಲ್‌ಗೆ ಎಥಿಲೀನ್ ಡೈಬ್ರೋಮೈಡ್ ಅನ್ನೂ ಸೇರಿಸುತ್ತಿದ್ದರು, ಎಂಜಿನ್ನಿನಲ್ಲಿ ಸೀಸ ಕಟ್ಟಿಕೊಳ್ಳದಿರಲಿ ಅಂತ. ಇದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ದೂರ ಹೋಗುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 0.05 ಮೈಕ್ರೋಗ್ರಾಂ, ಅಂದರೆ ಬೆಂಜೀನ್ ಮಿತಿಯ ನೂರರಲ್ಲಿ ಒಂದು ಪಾಲು. ಸಾಮಾನ್ಯ ಪರೀಕ್ಷೆಗೆ ಅಷ್ಟು ಕಡಿಮೆ ಪ್ರಮಾಣ ಸಿಗುವುದಿಲ್ಲ. ಅದರಲ್ಲಿ "ಪತ್ತೆಯಾಗಿಲ್ಲ" ಅಂತ ಬಂದರೂ ಮಿತಿಗಿಂತ ಜಾಸ್ತಿ ಇರಬಹುದು. ಇದಕ್ಕೇ ಬೇರೆ ವಿಧಾನ ಇದೆ, ಅದನ್ನೇ ಕೇಳಬೇಕು. ನ್ಯೂ ಮೆಕ್ಸಿಕೋದ ಕರ್ಟ್‌ಲ್ಯಾಂಡ್ ವಾಯುನೆಲೆಯಲ್ಲಿ 1999ರಲ್ಲಿ ಪತ್ತೆಯಾದ ವಿಮಾನ ಇಂಧನದ ಸೋರಿಕೆಯಲ್ಲಿ ಆಲ್ಬುಕರ್ಕಿ ನಗರದ ಬಾವಿಗಳ ಕಡೆಗೆ ಹೊರಟಿದ್ದು ಇದೇ ರಾಸಾಯನಿಕ.

ಎರಡನೆಯದು ಎಂಟಿಬಿಇ, ಪೆಟ್ರೋಲ್ ಚೆನ್ನಾಗಿ ಉರಿಯಲಿ ಅಂತ ಬೆರೆಸುವ ರಾಸಾಯನಿಕ. ಸೀಸ ಹೋದ ಮೇಲೆ ಎಷ್ಟೋ ದೇಶಗಳಲ್ಲಿ ಪೆಟ್ರೋಲ್‌ಗೆ ಇದನ್ನು ಸೇರಿಸಿದರು. ಇದೂ ಬೆಂಜೀನ್‌ಗಿಂತ ಮುಂದೆ ಓಡುತ್ತದೆ, ಬೇಗ ಕೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಇದರಿಂದಲೇ ತನ್ನ ಮುಖ್ಯ ಬಾವಿಗಳನ್ನು ನಿಲ್ಲಿಸಬೇಕಾಯಿತು.

ಮೂರನೆಯದು ಎಲ್ಲರೂ ಮರೆಯುವಂಥದ್ದು, ಬೆಂಕಿ ಆರಿಸುವ ನೊರೆ. ಇಂಧನ ಡಿಪೋಗಳಲ್ಲಿ ಅದರ ದಾಸ್ತಾನು ಇರುತ್ತದೆ, ಅಭ್ಯಾಸಕ್ಕೆ ಅಂತ ನೆಲದ ಮೇಲೇ ಬಿಟ್ಟಿರುತ್ತಾರೆ. ಹಳೆ ನೊರೆಯಲ್ಲಿ ಪಿಎಫ್‌ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕಗಳು ಇರುತ್ತವೆ. ಅವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುವುದಿಲ್ಲ. ನೊರೆ ಇಟ್ಟಿದ್ದ ಕೋಣೆ ಎಲ್ಲಿತ್ತು, ಅಭ್ಯಾಸ ಎಲ್ಲಿ ಮಾಡುತ್ತಿದ್ದರು ಅಂತ ಅಲ್ಲಿ ಕೆಲಸ ಮಾಡಿದವರನ್ನೇ ಕೇಳಿ. ಇಂಥ ಮಾಹಿತಿ ಕಾಗದದಲ್ಲಿ ಸಿಗುವುದು ಅಪರೂಪ.

ಬೇಲಿಯಾಚೆ:
ಇಷ್ಟೆಲ್ಲ ಪರೀಕ್ಷೆ, ಗ್ರಾಫು ಯಾಕೆ? ಪೂರ್ತಿ ಅಗೆದು ಹಾಕಿ ಹೊಸ ಮಣ್ಣು ತುಂಬಿಸಲಿ. ಸೋರಿಸಿದವರು ಅವರು, ಖರ್ಚೂ ಅವರದೇ. ನಮ್ಮ ಕಡೆಯೂ ಇಂಥದ್ದೇ ಜಾಗ ಇದೆ, "ನೋಡ್ತಾ ಇರ್ತೀವಿ" ಅನ್ನೋ ಮಾತನ್ನು ವರ್ಷಗಳಿಂದ ಕೇಳಿ ಸಾಕಾಗಿದೆ.

ಗಾಳಿಪಂಪು:
ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಶುದ್ಧೀಕರಣದ ಎಂಜಿನಿಯರ್ ಆಗಿ ಹೇಳುತ್ತೇನೆ, ಅಗೆತಕ್ಕೆ ಮಿತಿ ಇದೆ. ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣನ್ನು ತೆಗೆಯಬಹುದು, ತೆಗೆಯಲೇಬೇಕು. ಅದರ ಕೆಳಗೆ ಹೋದರೆ ಗುಂಡಿಗೆ ನೀರು ನುಗ್ಗುತ್ತದೆ, ಆ ನೀರನ್ನೂ ಶುದ್ಧ ಮಾಡಬೇಕು. ಪಕ್ಕದ ಕಟ್ಟಡಗಳ ಅಡಿಪಾಯಕ್ಕೂ ಕುತ್ತು. ತೆಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದೂ ಪ್ರಶ್ನೆ. ಸರಿಯಾಗಿ ಮಾಡಿದರೆ ಅದನ್ನು ತೆಳುವಾಗಿ ಹರಡಿ, ಗೊಬ್ಬರ ಮತ್ತು ತೇವ ಕೊಟ್ಟು, ಆಗಾಗ ಉತ್ತು ಬ್ಯಾಕ್ಟೀರಿಯಾದಿಂದ ತಿನ್ನಿಸುತ್ತಾರೆ. ಸುಮ್ನೆ ಇನ್ನೊಂದು ಊರಿನ ಹಳ್ಳಕ್ಕೆ ಸುರಿದರೆ ಸಮಸ್ಯೆ ಜಾಗ ಬದಲಾಯಿಸಿತು ಅಷ್ಟೇ.

ನೀರಿನ ಮಟ್ಟದ ಮೇಲಿನ ಮಣ್ಣಿಗೆ ನನ್ನ ಆಯ್ಕೆ ಗಾಳಿ. ಪೆಟ್ರೋಲ್ ಆದರೆ ಬಾವಿಗಳಿಂದ ಗಾಳಿ ಎಳೆದು ಆವಿಯನ್ನು ಹೊರಗೆ ತೆಗೆದು ಸಕ್ರಿಯ ಇಂಗಾಲದ ಫಿಲ್ಟರ್‌ನಲ್ಲಿ ಹಿಡಿಯಬಹುದು. ಡೀಸೆಲ್ ಅಷ್ಟು ಆವಿಯಾಗುವುದಿಲ್ಲ. ಅದಕ್ಕೆ ನಿಧಾನವಾಗಿ ಗಾಳಿ ಊದಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಉಸಿರು ಕೊಟ್ಟರೆ ಸಾಕು, ತಿನ್ನುವ ಕೆಲಸ ಅವು ಮಾಡುತ್ತವೆ. ಯಾಕೆ ಗಾಳಿ ಅಂದರೆ, ಒಂದು ಗ್ರಾಂ ಬೆಂಜೀನ್ ಪೂರ್ತಿ ಕೊಳೆಯಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8ರಿಂದ 9 ಮಿಲಿಗ್ರಾಂ. ಅಂದರೆ ಒಂದು ಗ್ರಾಂಗೆ ಸುಮಾರು 350 ಲೀಟರ್ ನೀರು. ಅದೇ ಒಂದು ಘನ ಮೀಟರ್ ಗಾಳಿಯಲ್ಲಿ 270 ಗ್ರಾಂ ಆಮ್ಲಜನಕ ಇದೆ. ಬ್ಯಾಕ್ಟೀರಿಯಾ ಪುಡಿ ಮಾರಲು ಬರುವವರಿಗೆ ಈ ಲೆಕ್ಕ ತೋರಿಸಿ. ಅಂಥ ಜಾಗದಲ್ಲಿ ತಿನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಆಗಲೇ ಇರುತ್ತವೆ. ಕೊರತೆ ಇರುವುದು ಆಮ್ಲಜನಕದ್ದು.

ಬೇಲಿಯಾಚೆ:
ಹಾಗಾದರೆ ಕೊನೆಗೆ "ಪ್ರಕೃತಿಯೇ ಸರಿ ಮಾಡುತ್ತದೆ" ಅಂತ ಕೈ ತೊಳೆದುಕೊಳ್ಳಬಹುದು?

ಗಾಳಿಪಂಪು:
ಇಲ್ಲ. ಪ್ರಕೃತಿ ಕೆಲಸ ಮಾಡುತ್ತದೆ ಅನ್ನುವುದು ನಿಜ, ಆದರೆ ಅದನ್ನು ತೋರಿಸಿಕೊಡಬೇಕು. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಬಳಸುತ್ತವೆ. ಕೊನೆಗೆ ಮೀಥೇನ್ ಹುಟ್ಟುತ್ತದೆ. ಹಾಗಾಗಿ ಕಲುಷಿತ ಭಾಗದ ಬಾವಿಯಲ್ಲಿ ನೈಟ್ರೇಟ್, ಸಲ್ಫೇಟ್ ಕಡಿಮೆಯಾಗಿ, ಕರಗಿದ ಕಬ್ಬಿಣ ಮತ್ತು ಮೀಥೇನ್ ಜಾಸ್ತಿಯಾಗಿರಬೇಕು. ಅಂತರ್ಜಲ ಹರಿದು ಬರುವ ಮೇಲ್ದಿಕ್ಕಿನ ಶುದ್ಧ ಬಾವಿಯಲ್ಲಿ ಹಾಗಿರಬಾರದು. ಇಷ್ಟನ್ನೂ ಅಳೆದು, ಜೊತೆಗೆ ಬೆಂಜೀನ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಅಂತ ತೋರಿಸಿದರೆ ಮಾತ್ರ "ಪ್ರಕೃತಿ" ಅನ್ನುವ ಮಾತಿಗೆ ಬೆಲೆ.

ಮಿನ್ನೆಸೋಟಾದ ಬೆಮಿಜಿ ಹತ್ತಿರ 1979ರಲ್ಲಿ ಕಚ್ಚಾತೈಲದ ಪೈಪ್ ಒಡೆಯಿತು. 1983ರಿಂದ ಅಮೆರಿಕದ ಭೂವಿಜ್ಞಾನ ಸಂಸ್ಥೆ ಅಲ್ಲಿ ಅಧ್ಯಯನ ಮಾಡುತ್ತಿದೆ. ಬ್ಯಾಕ್ಟೀರಿಯಾ ತಮ್ಮಷ್ಟಕ್ಕೆ ಎಣ್ಣೆ ತಿನ್ನುತ್ತವೆ ಅಂತ ಜಗತ್ತಿಗೆ ಮನದಟ್ಟು ಮಾಡಿದ ಜಾಗಗಳಲ್ಲಿ ಅದೂ ಒಂದು. ಅಲ್ಲೂ ದಶಕಗಳ ನಂತರ ನೆಲದಡಿ ಎಣ್ಣೆ ಉಳಿದೇ ಇದೆ. ಕಾಯುವುದು ಅಂದರೆ ಅಷ್ಟು ಕಾಲ. ಅಷ್ಟೂ ಕಾಲ ಯಾರೋ ಅಳೆಯುತ್ತಿರಬೇಕು.

ಕಲ್ಲುಮಣ್ಣು:
ವೇಗದ ಅಂದಾಜೂ ಇರಲಿ. ಮರಳು ಮಿಶ್ರಿತ ಮಣ್ಣು ನೀರನ್ನು ಹರಿಯಬಿಡುವ ಸಾಮರ್ಥ್ಯ (ಜಲವಾಹಕತೆ) ದಿನಕ್ಕೆ 5 ಮೀಟರ್, ಅಂತರ್ಜಲದ ಇಳಿಜಾರು ಸಾವಿರಕ್ಕೆ 5, ಹರಿವಿಗೆ ಸಿಗುವ ರಂಧ್ರ ಶೇ. 25 ಅಂದುಕೊಂಡರೆ ನೀರು ದಿನಕ್ಕೆ 10 ಸೆಂ.ಮೀ., ವರ್ಷಕ್ಕೆ ಸುಮಾರು 36 ಮೀಟರ್ ಹೋಗುತ್ತದೆ. ಬೆಂಜೀನ್ ಮಣ್ಣಿಗೆ ಅಂಟುವುದರಿಂದ ಇನ್ನೂ ನಿಧಾನ. ಕೊಳೆಯುವುದೂ ಸೇರಿ ಅದರ ಹರವು ಒಂದು ಕಡೆ ನಿಲ್ಲುವುದೇ ಹೆಚ್ಚು. ಬಂಡೆಯ ಬಿರುಕುಗಳಲ್ಲಿ ಈ ಲೆಕ್ಕ ನಡೆಯಲ್ಲ. ಅಲ್ಲಿ ನೀರು ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಓಡುತ್ತದೆ. ಇನ್ನೊಂದು, ಪಕ್ಕದಲ್ಲಿ ಹೊಸ ಬೋರ್‌ವೆಲ್ ಹಾಕಿ ಜೋರಾಗಿ ನೀರೆತ್ತಿದರೆ ನಿಂತಿದ್ದ ಕಲುಷಿತ ನೀರನ್ನು ನಾವೇ ಎಳೆದುಕೊಂಡ ಹಾಗೆ. ಬಡಾವಣೆಯವರಿಗೆ ಇದನ್ನು ಈಗಲೇ ಹೇಳಿ.

ಹೊಸಬೆಳಕು:
ನಾನೂ ಅದೇ ಬಡಾವಣೆ. ಮನೆಯಲ್ಲಿ ಪುಟ್ಟ ಮಗು ಇದೆ. ನೀರನ್ನು ಕುದಿಸಿದರೆ ಸಾಕಾಗುತ್ತದಾ? ಮನೆಯೊಳಗೆ ಆವಿ ಬರುವ ಅಪಾಯ ಇದೆಯಾ?

ಪಿಪೆಟ್:
ಕುದಿಸಬೇಡಿ. ಬೆಂಜೀನ್ ನೀರಿನಿಂದ ಗಾಳಿಗೆ ಬಂದು ಅಡುಗೆಮನೆಯಲ್ಲೇ ನಿಲ್ಲುತ್ತದೆ, ನೀವು ಅದನ್ನೇ ಉಸಿರಾಡುತ್ತೀರಿ. ಸ್ನಾನದ ಬಿಸಿನೀರಿಗೂ ಇದೇ ಮಾತು. ಬೋರ್‌ವೆಲ್ ನೀರಿನ ಪರೀಕ್ಷೆ ಆಗುವವರೆಗೆ ಕುಡಿಯಲು, ಅಡುಗೆಗೆ, ಮಗುವಿನ ಸ್ನಾನಕ್ಕೆ ಬೇರೆ ಮೂಲದ ನೀರು ಬಳಸಿ. ಇಂಥವನ್ನು ಹಿಡಿಯುವುದು ಸಕ್ರಿಯ ಇಂಗಾಲ. ಅದೂ ತುಂಬಿದ ಮೇಲೆ ಹಿಡಿಯುವುದಿಲ್ಲ, ಹಾಗಾಗಿ ಪರೀಕ್ಷೆ ಇಲ್ಲದೆ ಫಿಲ್ಟರ್ ಮೇಲೆ ಭಾರ ಹಾಕಬೇಡಿ.

ಗಾಳಿಪಂಪು:
ಆವಿಯ ವಿಷಯದಲ್ಲಿ ಸ್ವಲ್ಪ ಸಮಾಧಾನದ ಮಾತಿದೆ. ಗಾಳಿಯಾಡುವ ಶುದ್ಧ ಮಣ್ಣು ನಡುವೆ ಇದ್ದರೆ ಪೆಟ್ರೋಲ್ ಆವಿಯನ್ನು ಬ್ಯಾಕ್ಟೀರಿಯಾಗಳು ದಾರಿಯಲ್ಲೇ ತಿಂದು ಬಿಡುತ್ತವೆ. ಅಮೆರಿಕದ ಪರಿಸರ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಎಣ್ಣೆ ಇರುವಲ್ಲಿ ಕಟ್ಟಡದ ತಳಕ್ಕೂ ಅದಕ್ಕೂ 15 ಅಡಿ, ಕರಗಿದ ಅಂಶ ಮಾತ್ರ ಇದ್ದರೆ 6 ಅಡಿ ಇಂಥ ಮಣ್ಣು ಇದ್ದರೆ ಸಾಮಾನ್ಯವಾಗಿ ಸಾಕು. ಭಯ ಇರುವುದು ಅಡ್ಡದಾರಿಗಳಲ್ಲಿ: ಒಳಚರಂಡಿ ಪೈಪು, ಕೇಬಲ್ ಹಾಕಿದ ಕಾಲುವೆ, ನೆಲಮಾಳಿಗೆಯ ಬಿರುಕು. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ. 1.4 ದಾಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಚರಂಡಿ ಅಥವಾ ನೆಲಮಾಳಿಗೆಯಿಂದ ಪೆಟ್ರೋಲ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಹೊಸಬೆಳಕು:
ಧನ್ಯವಾದ. ಸದ್ಯಕ್ಕೆ ಬೋರ್ ನೀರು ನಿಲ್ಲಿಸಿದ್ದೇವೆ. ಸ್ಯಾಂಪಲ್ ನಾವೇ ತೆಗೆದು ಕೊಡಬಹುದಾ?

ಪಿಪೆಟ್:
ಮನೆಯ ನಲ್ಲಿಯದನ್ನು ತೆಗೆಯಬಹುದು, ಆದರೆ ಬಾಟಲಿ ಲ್ಯಾಬ್‌ನಿಂದಲೇ ತರಿಸಿ. 40 ಮಿಲಿಲೀಟರ್‌ನ ಗಾಜಿನ ಪುಟ್ಟ ಸೀಸೆ, ಒಳಗೆ ಸ್ವಲ್ಪ ಆಮ್ಲ ಹಾಕಿರುತ್ತಾರೆ, ತೊಳೆಯಬೇಡಿ. ನಲ್ಲಿಯ ಜಾಲರಿ ಬಿಚ್ಚಿ, ಕಡ್ಡಿ ಗಾತ್ರದ ಧಾರೆಯನ್ನು ಸೀಸೆಯ ಗೋಡೆಗೆ ತಾಗುವಂತೆ ಬಿಡಿ. ನೀರು ಬಾಯಿಯ ಅಂಚಿನ ಮೇಲೆ ಉಬ್ಬಿ ನಿಲ್ಲಬೇಕು, ಚೆಲ್ಲಬಾರದು. ಆಗ ಮುಚ್ಚಳ ಹಾಕಿ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೆ ಓಡಿದರೆ ಆ ಸೀಸೆ ಬಿಟ್ಟು ಇನ್ನೊಂದರಲ್ಲಿ ತುಂಬಿ. ಬೆಂಜೀನ್ ಆ ಗುಳ್ಳೆಗೆ ಸೇರಿಕೊಂಡು ನೀರಿನಲ್ಲಿ ಕಡಿಮೆ ತೋರಿಸುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಿ, 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಜೊತೆಗೆ ಲ್ಯಾಬ್ ಕೊಡುವ ಶುದ್ಧ ನೀರಿನ ಸೀಸೆಯೊಂದು ತೆರೆಯದೆ ಹೋಗಿ ಬರಲಿ. ಅದರಲ್ಲೂ ಬೆಂಜೀನ್ ಸಿಕ್ಕರೆ ದಾರಿಯಲ್ಲೇ ಸೇರಿಕೊಂಡಿದೆ ಅಂತ ಗೊತ್ತಾಗುತ್ತದೆ.

ಮಾನಿಟರಿಂಗ್ ಬಾವಿಯದು ಬೇರೆ ಕೆಲಸ. ಬಕೆಟ್ ಇಳಿಸಿ ಕಲಕಿ ಎತ್ತಿದ ನೀರಿಗೆ ಅರ್ಥವಿಲ್ಲ. ನಿಧಾನದ ಪಂಪಿನಲ್ಲಿ, ನಿಮಿಷಕ್ಕೆ ಅರ್ಧ ಲೀಟರ್ ಮೀರದಂತೆ ತೆಗೆದು, ಆಮ್ಲಜನಕ, ಪಿಎಚ್, ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆ ಸೀಸೆ ತುಂಬಬೇಕು. ಆ ದಿನದ ಹಾಳೆ ಕೇಳಿ ಪಡೆಯಿರಿ.

ದಂಡೆಮನೆ:
ಕೇಳಿದ ದಾಖಲೆಗಳಲ್ಲಿ ಕೆಲವು ಸಿಕ್ಕಿವೆ. ಮೂರನೇ ಬಾವಿಯ ಕೊರೆತದ ಹಾಳೆ ಹೀಗಿದೆ: ಮೇಲಿನಿಂದ 5 ಮೀಟರ್‌ವರೆಗೆ ಗಟ್ಟಿ ಪೈಪು, 5ರಿಂದ 8 ಮೀಟರ್‌ವರೆಗೆ ಸೀಳುಗಳಿರುವ ಪೈಪು. ಮರಳು ಮಿಶ್ರಿತ ಮಣ್ಣು, ಜೇಡಿ ಪದರ ಇಲ್ಲ. ಬೇಸಿಗೆಯಲ್ಲಿ ಎಣ್ಣೆ ಸಿಕ್ಕಿದ್ದು 6.2 ಮೀಟರ್ ಆಳದಲ್ಲಿ. ಈಗ ನೀರು 3.9 ಮೀಟರ್‌ನಲ್ಲಿದೆ.

ಕಲ್ಲುಮಣ್ಣು:
ಇಲ್ಲೇ ಇದೆ ನೋಡಿ ವಿಷಯ. ಸೀಳುಗಳು ಶುರುವಾಗುವುದೇ 5 ಮೀಟರ್‌ನಿಂದ. ನೀರು ಈಗ ಅದಕ್ಕಿಂತ 1.1 ಮೀಟರ್ ಮೇಲಿದೆ. ಎಣ್ಣೆ ತೇಲುತ್ತಿದ್ದರೂ ಅದು ಇರುವುದು ಗಟ್ಟಿ ಪೈಪಿನ ಎದುರು, ಬಾವಿಯೊಳಗೆ ಬರಲು ದಾರಿಯೇ ಇಲ್ಲ. ಕೆಳಗೆ ಸಿಕ್ಕಿಕೊಂಡ ಹನಿಗಳು ಮೊದಲೇ ಬರುವುದಿಲ್ಲ. ಅಂದರೆ ಈ ಋತುವಿನಲ್ಲಿ ಆ ಬಾವಿ ಎಣ್ಣೆಯನ್ನು ಕಾಣಲಾರದು. "ಎಣ್ಣೆ ಇಲ್ಲ" ಅನ್ನುವ ಅಳತೆಯನ್ನು ಆಧಾರ ಮಾಡಿ ಬಾವಿ ಮುಚ್ಚುವಂತಿಲ್ಲ. ಬೇರೆ ನಾಲ್ಕು ಬಾವಿಗಳ ಹಾಳೆಯೂ ಬೇಕು. ಸೀಳುಗಳು ಬೇಸಿಗೆ, ಮಳೆಗಾಲ ಎರಡರ ನೀರಿನ ಮಟ್ಟವನ್ನೂ ಒಳಗೊಂಡಿರಬೇಕು.

ಗಾಳಿಪಂಪು:
ಬಾವಿ ಮುಚ್ಚಲು ಆಕ್ಷೇಪ ಸಲ್ಲಿಸಿ, ಈ ಹಾಳೆಯನ್ನೇ ಲಗತ್ತಿಸಿ. ಕೇಳಬೇಕಾದದ್ದು ಇಷ್ಟು. ಮೂರನೇ ಬಾವಿಯ ಪಕ್ಕದಲ್ಲೇ ಎರಡೂ ಮಟ್ಟಗಳನ್ನು ಮುಟ್ಟುವ ಸೀಳುಗಳಿರುವ ಹೊಸ ಬಾವಿ. ಡಿಪೋಗೂ ಮನೆಗಳಿಗೂ ನಡುವೆ, ನೀರು ಹರಿಯುವ ದಿಕ್ಕಿನಲ್ಲಿ, ಒಂದು ಕಾವಲು ಬಾವಿ. ಟ್ಯಾಂಕ್ ಗುಂಡಿಯ ತಳ ಮತ್ತು ಗೋಡೆಗಳ ಮಣ್ಣಿನ ಪರೀಕ್ಷೆಯ ಫಲಿತಾಂಶ. ಪಿಪೆಟ್ ಹೇಳಿದ ಮೂರೂ ರಾಸಾಯನಿಕ. ಮೂರು ತಿಂಗಳಿಗೊಮ್ಮೆ ಸ್ಯಾಂಪಲ್, ಕನಿಷ್ಠ ಎರಡು ಬೇಸಿಗೆ ದಾಟುವವರೆಗೆ. ಆಗ ಎಂಟು ಅಳತೆ ಸಿಗುತ್ತವೆ, ಇಳಿಕೆ ನಿಜವೋ ಸುಮ್ಮನೆ ಏರುಪೇರೋ ಅಂತ ಲೆಕ್ಕ ಹಾಕಿ ನೋಡಲು ಅಷ್ಟು ಬೇಕು. ಮಧ್ಯೆ ಪಂಪ್ ಅಥವಾ ಗಾಳಿ ಯಂತ್ರ ನಡೆಸಿದರೆ, ಎರಡು ಬೇಸಿಗೆಯ ಲೆಕ್ಕ ಅದನ್ನು ನಿಲ್ಲಿಸಿದ ದಿನದಿಂದ ಶುರುವಾಗಬೇಕು. ಯಂತ್ರ ನಿಂತ ಮೇಲೆ ಮಣ್ಣಿನೊಳಗಿಂದ ಮತ್ತೆ ಒಸರಿ ಅಂಕಿ ಮೇಲೇರುವುದು ಈ ಕೆಲಸದಲ್ಲಿ ಮಾಮೂಲು.

ಬೇಲಿಯಾಚೆ:
ಇದನ್ನೆಲ್ಲ ಕೇಳಿದರೆ "ಅತಿಯಾಯ್ತು" ಅಂತಾರೆ.

ಕಲ್ಲುಮಣ್ಣು:
ಹವಾಯಿಯ ರೆಡ್ ಹಿಲ್ ನೋಡಲಿ, ಅದು ಅಮೆರಿಕದ ನೌಕಾಪಡೆಯ ಇಂಧನ ಡಿಪೋ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಟ್ಟದೊಳಗೆ ಕಟ್ಟಿದ 20 ಟ್ಯಾಂಕುಗಳು, ಕುಡಿಯುವ ನೀರಿನ ಪದರಕ್ಕಿಂತ ಸುಮಾರು 100 ಅಡಿ ಮೇಲೆ. 2021ರ ನವೆಂಬರ್‌ನಲ್ಲಿ ಸೋರಿದ ವಿಮಾನ ಇಂಧನ ಸುಮಾರು 93,000 ಜನ ಬಳಸುವ ನೀರಿನ ಜಾಲಕ್ಕೆ ಸೇರಿತು. ಮರುವರ್ಷ ಅಲ್ಲೇ ಬೆಂಕಿ ನೊರೆಯ ದ್ರಾವಣವೂ ಚೆಲ್ಲಿತು. ಮುಚ್ಚುವ ಆದೇಶ ಬಂದು, ಟ್ಯಾಂಕುಗಳ ಇಂಧನ ಖಾಲಿಯಾದ ಮೇಲೂ ಅಂತರ್ಜಲದ ಮೇಲೆ ನಿಗಾ ಮುಂದುವರಿಯಿತು. ಟ್ಯಾಂಕ್ ಖಾಲಿಯಾಗುವುದೂ ನೆಲ ಶುದ್ಧವಾಗುವುದೂ ಒಂದೇ ಅಲ್ಲ ಅಂತ ಅಲ್ಲಿನವರು ಪಟ್ಟು ಹಿಡಿದೇ ಕೇಳುತ್ತಿದ್ದಾರೆ. ನೀವು ಕೇಳುತ್ತಿರುವುದೂ ಅದನ್ನೇ.

ದಂಡೆಮನೆ:
ಆಕ್ಷೇಪ ಬರೆದು ಕೊಟ್ಟೆವು, ಕೊರೆತದ ಹಾಳೆ ಲಗತ್ತಿಸಿ. ಬಾವಿ ಮುಚ್ಚುವುದನ್ನು ತಡೆಹಿಡಿದಿದ್ದಾರೆ. ಹೊಸ ಬಾವಿಗೆ ಇನ್ನೂ ಒಪ್ಪಿಲ್ಲ, ಬೇಸಿಗೆಯಲ್ಲಿ ಹಳೆ ಬಾವಿಗಳನ್ನೇ ಮತ್ತೆ ಅಳೆಯುವುದಾಗಿ ಹೇಳಿದ್ದಾರೆ. ಅಳೆಯುವಾಗ ನಮ್ಮ ಕಡೆಯವರೊಬ್ಬರು ಎದುರಿಗಿರಬೇಕು ಅಂತ ಕೇಳಿದ್ದೇವೆ.

ಕಲ್ಲುಮಣ್ಣು:
ಒಳ್ಳೆಯದಾಯ್ತು. ಎಣ್ಣೆ ಮತ್ತು ನೀರು ಎರಡನ್ನೂ ಗುರುತಿಸುವ ಪ್ರೋಬ್ ತಂದಿದ್ದಾರಾ ನೋಡಿ, ಬರೀ ನೀರಿನ ಟೇಪ್ ಆದರೆ ಆಗಲ್ಲ. ಪೈಪಿನ ಅಂಚಿನಲ್ಲಿ ಅಳತೆಯ ಗುರುತು ಇರುತ್ತದೆ, ಪ್ರತಿ ಸಲವೂ ಅಲ್ಲಿಂದಲೇ ಅಳೆಯಲಿ. ಎರಡು ಆಳಗಳನ್ನೂ ನೀವೂ ಬರೆದುಕೊಳ್ಳಿ. ಬಂದ ಅಂಕಿಗಳನ್ನು ಇಲ್ಲಿ ಹಾಕಿ, ಗ್ರಾಫ್ ನಾನು ಮಾಡಿಕೊಡ್ತೇನೆ.